ರಾತ್ರಿಪಾಳಿಯ ಬಾತುಗಳು

ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುವವರಿಗೆಲ್ಲ ಒಂದು ಸಣ್ಣ ಬಿಂಕವಿರುತ್ತದೆ, ನನಗೂ ಇದೆ. ಊರಿಗೆ ಊರೇ ಹೊದ್ದು ಮಲಗಿರುವಾಗ ಎದ್ದು, ಮಂಕಿಟೋಪಿ ಏರಿಸಿಕೊಂಡು, ಸುರಪುರದಿಂದ ಕತ್ತಲಲ್ಲೇ ಹೊರಟು ಬಂದವರಲ್ಲವೇ ನಾವು! ಕೆರೆಯ ಏರಿ ಹತ್ತಿ ದುರ್ಬೀನು ಒರೆಸಿಕೊಳ್ಳುವಷ್ಟರಲ್ಲಿ ಆ ಬಿಂಕ ಇಳಿದುಹೋಗುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಆಗ ಏಳುತ್ತಿರುವುದಿಲ್ಲ, ರಾತ್ರಿಪಾಳಿ ಮುಗಿಸಿ ಮರಳುತ್ತಿರುತ್ತವೆ. ರಾತ್ರಿಯೆಲ್ಲ ಹೊಲದಲ್ಲಿ ಮೇಯುವುದು, ಹಗಲು ನೀರಿನಲ್ಲಿ ತೂಕಡಿಸುವುದು ಅವುಗಳ ದಿನಚರಿ.

ಮೊದಲು ಬರುವುದು ಸದ್ದು, ಮೂಗಿನಲ್ಲಿ ಮಾತಾಡಿದಂತೆ. ಆಮೇಲೆ ಆಕಾಶದಲ್ಲಿ ಓರೆಯಾದ ಗೆರೆ. ನೀರು ಹತ್ತಿರವಾದಂತೆ ಗೆರೆ ಒಡೆದು, ಒಂದೊಂದೂ ಕಿತ್ತಳೆ ಬಣ್ಣದ ಕಾಲು ಚಾಚಿ ಇಳಿಯುತ್ತದೆ. ಬಿಳಿಯ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ: ಮೇಲಿನದು ಈ ಕಣ್ಣಿನಿಂದ ಆ ಕಣ್ಣಿನವರೆಗೆ ಸುತ್ತಿ ಬಂದದ್ದು, ಕೆಳಗಿನದು ಗಿಡ್ಡ. ಹಳದಿ ಕೊಕ್ಕಿನ ತುದಿ ಮಾತ್ರ ಕಪ್ಪು. ಇಳಿದ ಮೇಲೂ ಗಲಾಟೆ ನಿಲ್ಲುವುದಿಲ್ಲ. ಜಾಗಕ್ಕಾಗಿ ಕತ್ತು ಚಾಚಿ ಒಂದನ್ನೊಂದು ಗದರಿಸುತ್ತವೆ.

ಇವು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. ಏಳು ಸಾವಿರ ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಗಾಳಿ ತೆಳುವಾದ ಆ ಎತ್ತರದಲ್ಲೂ ಇವುಗಳ ರಕ್ತ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹದ್ದಿನಂತೆ ತೇಲುವ ಸುಖ ಇವಕ್ಕಿಲ್ಲ, ದಾರಿಯುದ್ದಕ್ಕೂ ರೆಕ್ಕೆ ಬಡಿಯಲೇಬೇಕು. ಅದಕ್ಕೇ ಪರ್ವತ ದಾಟುವುದೂ ಹೆಚ್ಚಾಗಿ ರಾತ್ರಿ, ಇಲ್ಲವೇ ನಸುಕಿನಲ್ಲಿ. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ರೆಕ್ಕೆಗೆ ಹೆಚ್ಚು ಆಸರೆ.

ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಹಕ್ಕಿಗಳಿಗಾಗಿ ಯಾರೂ ಕಟ್ಟಿಸಿದ್ದಲ್ಲ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತವೂ ಬೆಳೆಯಿತು, ಬಾತುಗಳ ಊಟದ ಎಲೆ ಇನ್ನಷ್ಟು ಅಗಲವಾಯಿತು. ಭತ್ತ ಕೊಯ್ದ ಗದ್ದೆಯಲ್ಲಿ ಉದುರಿದ ಕಾಳು ಆಯ್ದರೆ ಯಾರ ತಕರಾರೂ ಇಲ್ಲ. ಎಳೆಯ ಕಡಲೆಗೆ ಬಾಯಿ ಹಾಕಿದಾಗಲೇ ಜಗಳ. ‘ವಿದೇಶಿ ಅತಿಥಿ’ ಎಂಬ ಮಾತು ಪತ್ರಿಕೆಯಲ್ಲಿ ಚೆಂದ. ಆದರೆ ಅತಿಥಿಗೆ ಬಡಿಸುವವರು ಯಾರು ಎಂಬುದನ್ನು ನಾವು ದುರ್ಬೀನಿನವರು ಕೇಳಿಕೊಳ್ಳುವುದು ಕಡಿಮೆ.

ಏರಿಯ ಕೆಳಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ರೈತರೊಬ್ಬರಿಗೆ ಹಿಮಾಲಯದ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಎತ್ತು ನಿಲ್ಲಿಸಿ ಪೂರ್ತಿ ಕೇಳಿದರು. “ಅಷ್ಟು ಹೊಲ ದಾಟಿ ಬಂದವು, ನನ್ನ ಹೊಲದಲ್ಲೇ ಇಳಿಯಬೇಕೇ?” ಎಂದರು. ಮಾರ್ಚ್ ಹೊತ್ತಿಗೆ ಹೊರಟು ಹೋಗುತ್ತವೆ ಎಂದು ಸಮಾಧಾನ ಹೇಳಿದೆ.

“ಅಷ್ಟರಲ್ಲಿ ಕಡಲೆ ರಾಶಿಯೂ ಮುಗಿದಿರುತ್ತದೆ” ಎಂದು ನಕ್ಕು ಎತ್ತು ಹೊಡೆದರು.