ಶನಿವಾರ ರಾತ್ರಿ ಬರುವ ಮ್ಯಾಚ್ ಟೈಮ್

ಮಗಳು ಬೆಂಗಳೂರಿನ ಕ್ಲಬ್ಬಿಗೆ ಫುಟ್‌ಬಾಲ್ ಆಡ್ತಾಳೆ ಅಂದ್ರೆ ಹಾಸನದಲ್ಲಿ ಎಲ್ಲರೂ ಶಹಬ್ಬಾಸ್ ಅಂತಾರೆ. ಭಾನುವಾರ ಬೆಳಗ್ಗೆ ಏಳರ ಮ್ಯಾಚನ್ನ ಶನಿವಾರ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಹಾಕೋರಿಗೆ ಏನು ಹೇಳೋಣ? ಸುಮಾರು 180 ಕಿ.ಮೀ. ದಾರಿ. ವಾರ್ಮ್‌ಅಪ್‌ಗೆ ಆರಕ್ಕೇ ಅಲ್ಲಿರಬೇಕು, ಅಂದ್ರೆ ಎರಡಕ್ಕೆ ಮನೆ ಬಿಡಬೇಕು. ಆಡೋ ಎರಡು-ಮೂರು ಗಂಟೆ ಮುಂಚೆ ತಿಂಡಿ ಆಗಿರಬೇಕಂತೆ. ನಾಲ್ಕೂವರೆಗೆ ಕಾರಲ್ಲಿ ಯಾವ ಮಗು ಇಡ್ಲಿ ತಿನ್ನುತ್ತೆ ಸ್ವಾಮಿ?

ಗ್ರೌಂಡ್ ಎಂಥದ್ದು ಅಂತಲೂ ಹೇಳಲ್ಲ. ಅದೇ ದೊಡ್ಡ ತಲೆನೋವು. ಹುಲ್ಲಿನ ಮೈದಾನಕ್ಕೆ ತಂದ, ಅಡಿಯಲ್ಲಿ ಮೊಳೆಯಂಥ ಉದ್ದ ಸ್ಟಡ್ ಇರೋ ಶೂ ಕೃತಕ ಹುಲ್ಲಿನ ಟರ್ಫ್‌ನಲ್ಲಿ ಕಚ್ಚಿಕೊಳ್ಳುತ್ತೆ. ಪಾದ ನಿಂತಲ್ಲೇ ನಿಲ್ಲುತ್ತೆ, ಮೈ ತಿರುಗುತ್ತೆ, ಪೆಟ್ಟು ಮಂಡಿಗೆ. ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟುನಾರು ಹರಿಯೋದು ಹುಡುಗಿಯರಲ್ಲೇ ಜಾಸ್ತಿ. ಟರ್ಫ್‌ಗೆ ಸಣ್ಣ ರಬ್ಬರ್ ಗುಬುಟಿನ ಶೂ ಬೇರೆಯೇ ಬೇಕು. ಗೊತ್ತಿಲ್ಲದಿದ್ರೆ ಎರಡೂ ಜೊತೆ ಹೊತ್ತುಕೊಂಡು ಹೋಗಿ.

ಇನ್ನು ಓಲೆ. ಫುಟ್‌ಬಾಲ್ ಆಟದ ನಿಯಮ 4ರ ಪ್ರಕಾರ ಮೈಮೇಲೆ ಒಡವೆ ಇರಕೂಡದು, ಟೇಪ್ ಸುತ್ತಿದ್ರೂ ರೆಫರಿ ಬಿಡಲ್ಲ. ಬಿಗಿಯಾದ ತಿರುಪನ್ನ ಗ್ರೌಂಡ್ ಪಕ್ಕ ಎಳೆದಾಡಿದ್ರೆ ಕಿವಿ ಕೆಂಪಗಾಗುತ್ತೆ, ಮನೇಲಿ ಅಜ್ಜಿ ಕೈಲಿ ಬೈಗುಳ ಬೇರೆ. ರಾತ್ರಿಯೇ ಕೊಬ್ಬರಿ ಎಣ್ಣೆ ಬಿಟ್ಟು ತೆಗೆದಿಡೋದೇ ವಾಸಿ.

ವೇಳಾಪಟ್ಟಿ ಗುರುವಾರವೇ ಕೊಡೋಕೆ ಏನು ಕಷ್ಟವೋ. ಫೀಸು ಮಾತ್ರ ಒಂದನೇ ತಾರೀಕಿಗೇ ಕೇಳ್ತಾರೆ.