ಇಷ್ಟಲಿಂಗವೂ ಇರಲಿ, ಇಂಜೆಕ್ಷನ್ನೂ ಇರಲಿ

ವಚನಗಳ ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಓದಿದ ಇಬ್ಬರು ಗೆಳೆಯರು ಎರಡು ದಿಕ್ಕಿನಿಂದ ಫೋನ್ ಮಾಡಿದರು. "ದಿನಾ ಲಿಂಗಪೂಜಿ ಮಾಡ್ಕೊಳ್ಳೋ ನಿಮಗ ಈ ವಿಚಾರವಾದಿಗಳ ಉಸಾಬರಿ ಯಾಕ್ರೀ?" ಎಂದರು ಒಬ್ಬರು. "ಇಷ್ಟೆಲ್ಲಾ ಓದಿ ಇನ್ನೂ ವಿಭೂತಿ ಹಚ್ಕೋತೀರಲ್ರೀ" ಎಂದರು ಇನ್ನೊಬ್ಬರು. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಾವಧಾನದಿಂದ ಓದಿ.

ನಾನು ನಂಬುವವನು. ಬೆಳಗ್ಗೆ ಸ್ನಾನ ಆದ ಮೇಲೆ ಲಿಂಗ ಇಡುವ ಪುಟ್ಟ ಕರಡಿಗೆ ಬಿಚ್ಚಿ, ಮೈಮೇಲೆ ಧರಿಸುವ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಕೂಡುತ್ತೇನೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಆ ಕಪ್ಪು ಮೈಮೇಲೆ ದೀಪದ ಕುಡಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಕೈ ತುಸು ನಡುಗಿದರೂ ಚುಕ್ಕೆ ಅಲ್ಲಾಡುತ್ತದೆ. ನೋಡುತ್ತಾ ನೋಡುತ್ತಾ ಉಸಿರು ನಿಧಾನವಾಗುತ್ತದೆ, ಮನಸ್ಸಿನ ಗದ್ದಲ ಇಳಿಯುತ್ತದೆ. ಆ ಹೊತ್ತಿನಲ್ಲಿ ನನ್ನ ಜೊತೆ ಇರುವುದು ಶಿವ ಎಂದೇ ನನ್ನ ನಂಬಿಕೆ. ಅದು ಬರೀ ಮಿದುಳಿನ ಕೆಲಸ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ನನ್ನ ಈ ನಂಬಿಕೆ ಯಾರಿಂದಲೂ ರೊಕ್ಕ ಕೇಳುವುದಿಲ್ಲ, ಯಾರ ಮದುವೆಯನ್ನೂ ತಪ್ಪಿಸುವುದಿಲ್ಲ, ಯಾರಿಗೂ ಮಳೆಯ ಭರವಸೆ ಕೊಡುವುದಿಲ್ಲ.

ಆದರೆ ಅದೇ ನಂಬಿಕೆ ಹೊಸ್ತಿಲು ದಾಟಿ, "ಹೀಗೆ ಮಾಡು, ನಿನ್ನ ರೋಗ ಹೋಗುತ್ತದೆ" ಎಂದು ಇನ್ನೊಬ್ಬರಿಗೆ ಹೇಳಿದ ಕೂಡಲೇ ಅದು ಪುರಾವೆ ಕೊಡಬೇಕು. ಈ ವಿಷಯದಲ್ಲಿ ನಾನು ಪೂರ್ತಿ ವಿಚಾರವಾದಿಗಳ ಕಡೆಗಿದ್ದೇನೆ.

ಯಾಕೆಂದು ಹೇಳುತ್ತೇನೆ. ಶಿಗ್ಗಾವಿ ಕಡೆಯ ನಮ್ಮ ಊರಲ್ಲಿ ಶೇಂಗಾ ಕೀಳುವಾಗ ಕಾಕಾಗೆ ಹಾವು ಕಡಿಯಿತು. ಪಕ್ಕದ ಊರಿನ ಒಂದು ಗುಡಿಗೆ ಕರೆದುಕೊಂಡು ಹೋದರು. ಬೇವಿನ ಸೊಪ್ಪಿನಿಂದ ಇಳಿ ತೆಗೆದರು, ಭಂಡಾರ ಹಚ್ಚಿದರು, ರಾತ್ರಿಯಿಡೀ ಮಲಗಲು ಬಿಡದೆ ಕೂರಿಸಿದರು. ಕಾಕಾ ಬೆಳಗ್ಗೆ ಎದ್ದು ಚಹಾ ಕುಡಿದ. ಊರಿಗೆ ಊರೇ ಆ ಗುಡಿಗೆ ಕೈಮುಗಿಯಿತು. ಮುಂದೆ ಒಂದು ಮಳೆಗಾಲದಲ್ಲಿ ಓಣಿಯ ಹುಡುಗನೊಬ್ಬ ನೆಲದ ಮೇಲೆ ಮಲಗಿದ್ದವನು ನಡುರಾತ್ರಿ ಹೊಟ್ಟೆನೋವು ಎಂದು ಎದ್ದ. ಕಡಿದ ಗುರುತೂ ಸರಿಯಾಗಿ ಕಾಣುತ್ತಿರಲಿಲ್ಲ. ಹೊತ್ತು ಹೋದಂತೆ ಕಣ್ಣಿನ ರೆಪ್ಪೆ ಜೋತು ಬಿದ್ದವು, ಮಾತು ತೊದಲಿತು. "ದವಾಖಾನಿಗೆ ಒಯ್ಯೋಣ" ಎಂದ ಅವನ ಅಣ್ಣನನ್ನು ಹಿರಿಯರೊಬ್ಬರು ಗದರಿದರು: "ಆ ಕಾಕಾನ್ನ ಉಳಿಸಿದ್ದು ಯಾರಲೇ ತಮ್ಮಾ? ದೇವರ ಮ್ಯಾಲ ನಂಬಿಗಿ ಇಲ್ಲೇನು?" ಅದೇ ಗುಡಿಗೆ ಒಯ್ದರು. ಹುಡುಗ ಉಳಿಯಲಿಲ್ಲ. ಅವನ ಅವ್ವನಿಗೆ ಸಿಕ್ಕ ಸಮಾಧಾನ ಏನು ಗೊತ್ತೆ? "ನಿಮ್ಮ ಮನಿಯೊಳಗ ಏನೋ ಮೈಲಿಗಿ ಆಗಿತ್ತು."

ಆ ಮಾತು ನೆನೆದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ.

ನಮ್ಮ ಹೊಲಗಳಲ್ಲಿ ಕಾಣುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ. ವಿಷ ಇರುವ ಹಾವು ಕೂಡ ಕೆಲವೊಮ್ಮೆ ಕಡಿದರೂ ವಿಷ ಬಿಡುವುದಿಲ್ಲ. ಹಾಗಾಗಿ ಕಡಿಸಿಕೊಂಡು ಗುಡಿಗೆ ಹೋದವರಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಬದುಕಿದವರು ತೆಂಗಿನಕಾಯಿ ಹಿಡಿದು ಬಂದು ಊರಿಗೆಲ್ಲಾ ಹೇಳುತ್ತಾರೆ. ಸತ್ತವರು ಹೇಳಲು ಬರುವುದಿಲ್ಲ. ಗುಡಿಯ ಹೆಸರು ಬೆಳೆಯುವುದು ಹೀಗೆ, ಅಲ್ಲಿ ಯಾರೂ ಬೇಕಂತಲೇ ಮೋಸ ಮಾಡಬೇಕಿಲ್ಲ. ಆ ಹುಡುಗನ ಲಕ್ಷಣ ನೋಡಿದರೆ ಕಡಿದದ್ದು ಕಟ್ಟುಹಾವು. ಅದರ ವಿಷ ನರಗಳಿಗೆ ಹತ್ತಿ ಕೊನೆಗೆ ಉಸಿರಾಟವನ್ನೇ ನಿಲ್ಲಿಸುತ್ತದೆ. ಅದಕ್ಕೆ ಬೇಕಾದದ್ದು ಕುದುರೆ ರಕ್ತದಿಂದ ತಯಾರಿಸುವ ಪ್ರತಿವಿಷದ ಇಂಜೆಕ್ಷನ್, ಉಸಿರಾಟ ಸೋತರೆ ವೆಂಟಿಲೇಟರ್. ಅಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ಮೌಢ್ಯ ನಿಷೇಧ ಕಾಯ್ದೆ ಬಂದಾಗ "ಇದು ನಮ್ಮ ಧರ್ಮದ ಮೇಲಿನ ದಾಳಿ" ಎಂದು ಕೂಗಿದವರು ಅದನ್ನು ಓದಿದ್ದರೋ ಇಲ್ಲವೋ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಆ ಕಾಯ್ದೆ ಪ್ರದಕ್ಷಿಣೆ, ಯಾತ್ರೆ, ಭಜನೆ, ಕೀರ್ತನೆ, ಪ್ರವಚನ ಯಾವುದನ್ನೂ ಮುಟ್ಟುವುದಿಲ್ಲ. ಹಾವು, ಚೇಳು, ನಾಯಿ ಕಡಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು ತಡೆಯುತ್ತದೆ. ನಾನು ಹೊಸ್ತಿಲು ಅಂದೆನಲ್ಲ, ಕಾನೂನು ಗೆರೆ ಎಳೆದದ್ದೂ ಹೆಚ್ಚುಕಡಿಮೆ ಅಲ್ಲೇ.

ಇನ್ನು ಮಠ, ಸಂಘಟಿತ ಧರ್ಮ. ಇಲ್ಲಿ ನನಗೆ ಸರಳ ಉತ್ತರ ಇಲ್ಲ. ನಡುವೆ ಪೂಜಾರಿ ಬೇಡ, ಗುಡಿ ಬೇಡ, ದೇವರು ನಿನ್ನ ಅಂಗೈಯಲ್ಲೇ ಇರಲಿ ಎಂದು ಶರಣರು 12ನೇ ಶತಮಾನದಲ್ಲೇ ಹೇಳಿಕೊಟ್ಟರು. ಅವರ ಹೆಸರಿನಲ್ಲೇ ಇವತ್ತು ಸಂಬಂಧ ಕೂಡಿಸುವಾಗ ಮೊದಲು ಕೇಳುವುದು ಒಳಪಂಗಡ. ಅಂಗೈಯಲ್ಲಿ ಲಿಂಗ ಹಿಡಿದು ಕೂತವನಿಗೆ ಇದು ಮುಳ್ಳಿನ ಹಾಗೆ ಚುಚ್ಚಬೇಕು.

ಹಾಗೆಂದು "ನನಗೆ ದೇವರು ಸಾಕು, ಮಠಮಾನ್ಯ ಬೇಡ" ಎಂದು ಕೈತೊಳೆದುಕೊಳ್ಳಲು ನನಗೆ ಆಗುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಕಣ್ಣಿಲ್ಲದ ಮಕ್ಕಳನ್ನು ಮನೆಯವರೇ ಭಾರ ಎಂದುಕೊಳ್ಳುತ್ತಿದ್ದ ಕಾಲದಲ್ಲಿ ಅವರನ್ನು ಕರೆತಂದು ಊಟ, ವಸತಿ ಕೊಟ್ಟು ಸಂಗೀತ ಕಲಿಸಿದರು. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಜನ ಜೋಳ ಕೊಟ್ಟರು, ತುಲಾಭಾರ ಮಾಡಿದರು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದ ಮೇಲೂ ಅಲ್ಲಿ ಪಾಠ ನಿಂತಿಲ್ಲ. ಒಬ್ಬನೇ ಕೂತು ಮಾಡುವ ನನ್ನ ಪೂಜೆಯಿಂದ ಒಂದು ಮಗುವಿಗೂ ಹಾರ್ಮೋನಿಯಂ ಕಲಿಸಲು ಆಗುವುದಿಲ್ಲ. ಅದಕ್ಕೆ ಜನ ಕೂಡಬೇಕು, ಕಾಳು ಕೂಡಬೇಕು, ಶಿಸ್ತು ಬೇಕು. ಈ ಸತ್ಯವನ್ನು ನನ್ನ ವಿಚಾರವಾದಿ ಗೆಳೆಯರೂ ಒಪ್ಪಿಕೊಳ್ಳಬೇಕು.

ನನಗೆ ಬೇಕಾದದ್ದು ಪ್ರಶ್ನೆ ಸಹಿಸುವ ಮಠ. ಕಲಬುರ್ಗಿ ಸರ್ ಹೊರಗಿನವರಾಗಿರಲಿಲ್ಲ. ವಚನಗಳನ್ನು ಅವರಷ್ಟು ಶ್ರದ್ಧೆಯಿಂದ ಹುಡುಕಿ, ತಿದ್ದಿ, ಸಂಪಾದಿಸಿದವರು ಕಡಿಮೆ. ಅಂಥವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಇದೇ ಧಾರವಾಡದ ಕಲ್ಯಾಣನಗರದಲ್ಲಿ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕೊಂದವರು ಯಾವ ದೇವರನ್ನು ಕಾಪಾಡಿದರು? ನನ್ನ ದೇವರಿಗಂತೂ ಆ ಕಾವಲು ಬೇಕಿಲ್ಲ. ಶಿಶುನಾಳದ ಷರೀಫರು ಕಳಸದ ಗೋವಿಂದಭಟ್ಟರನ್ನು ಗುರು ಎಂದು ಅಪ್ಪಿಕೊಂಡಾಗ ಹಿಂದೂ, ಮುಸ್ಲಿಂ ಎರಡೂ ಕಡೆಯವರು ಸಿಟ್ಟಾದರು ಎಂದು ನಮ್ಮ ಕಡೆ ಹೇಳುತ್ತಾರೆ. ಇವತ್ತು ಎರಡೂ ಕಡೆಯವರು ಷರೀಫರ ಗದ್ದುಗೆಗೆ ಸಕ್ಕರೆ ಓದಿಸುತ್ತಾರೆ.

ಗೆಳೆಯರಿಗೆ ಒಂದು ಕೆಲಸದ ಮಾತು. ನಮ್ಮೂರ ಜಾತ್ರಿ ಕಮಿಟಿ ಈ ಸಲ ಗುಡಿಗೆ ಬಣ್ಣ ಹೊಡೆಸುತ್ತಿದೆ. ಬಾಗಿಲಿನ ಎಡಗಡೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಹಾವು ಕಡಿದರೆ ಮೊದಲು 108ಕ್ಕೆ ಫೋನ್ ಮಾಡಿ, ದವಾಖಾನೆಗೆ ನಡೆಯಿರಿ, ಹರಕೆ ಆಮೇಲೆ" ಎಂದು ಬರೆಸಿ, ಬಣ್ಣದ ಖರ್ಚು ನಾನು ಕೊಡುತ್ತೇನೆ ಎಂದು ಹಿರಿಯರಿಗೆ ಹೇಳಿದ್ದೇನೆ. ಇಬ್ಬರು ಹೂಂ ಅಂದಿದ್ದಾರೆ, ಪೂಜಾರಪ್ಪ ವಿಚಾರ ಮಾಡೋಣ ಎಂದಿದ್ದಾರೆ. ಅಮಾವಾಸ್ಯೆಯ ದಿನ ಮತ್ತೆ ಸಭೆ ಇದೆ. ಶಿಗ್ಗಾವಿ ಕಡೆಯವರು ಯಾರಾದರೂ ಬರುವುದಿದ್ದರೆ ಬನ್ನಿ, ನಾಲ್ಕು ಜನ ಕೂಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.