ಕೊಲ್ಲುವ ಉದ್ದೇಶಕ್ಕೆ ಸಾಕ್ಷಿ ಎಲ್ಲಿ?

ಸೆಷನ್ಸ್ ಕೋರ್ಟ್ ಐಪಿಸಿ (ಭಾರತೀಯ ದಂಡ ಸಂಹಿತೆ) 302ರಡಿ, ಅಂದರೆ ಕೊಲೆಗೆ ಕೊಟ್ಟ ಜೀವಾವಧಿ ಶಿಕ್ಷೆಯನ್ನು ಹೈಕೋರ್ಟ್ 304ರ ಎರಡನೇ ಭಾಗಕ್ಕೆ, ಅಂದರೆ ಕೊಲ್ಲುವ ಉದ್ದೇಶವಿಲ್ಲದೆ ಆದ, ಕೊಲೆ ಎನಿಸದ ನರಹತ್ಯೆಗೆ ಇಳಿಸಿತು ಎಂಬ ಸುದ್ದಿ ಬಂದರೆ ಸಾಕು, ನ್ಯಾಯಾಧೀಶರಿಗೆ ಬೈಗುಳದ ಮಳೆ. ‘ಒಂದೇ ಏಟು ಅಂತ ಬಿಟ್ಟುಬಿಟ್ಟರಂತೆ!’ ಸತ್ತವರ ಮನೆಯವರ ಸಂಕಟ ನೋಡಿದರೆ ಆ ಸಿಟ್ಟು ಸಹಜವೇ. ಆದರೆ ನನ್ನ ಸಿಟ್ಟು ಇರುವುದು ತನಿಖೆಯ ಮೇಲೆ.

ಒಂದೇ ಏಟಾದರೆ ಕೊಲೆಯಲ್ಲ ಎಂಬ ಕಾನೂನು ನಮ್ಮಲ್ಲಿಲ್ಲ. 1958ರ ವಿರ್ಸಾ ಸಿಂಗ್ ಪ್ರಕರಣ ನೋಡಿ. ಪಂಜಾಬಿನ 21–22ರ ಯುವಕ ಭರ್ಜಿಯಿಂದ ಹೊಟ್ಟೆಗೆ ಒಂದೇ ಸಲ ತಿವಿದಿದ್ದ. ಕರುಳು ಹೊರಬಂದು ಗಾಯಾಳು ಮರುದಿನ ಸತ್ತ. ಇವನಿಗೆ ಸಾಯಿಸುವ ಇರಾದೆ ಇತ್ತೆಂದು ತಮಗೆ ಅನಿಸುವುದಿಲ್ಲವೆಂದು ಸೆಷನ್ಸ್ ನ್ಯಾಯಾಧೀಶರೇ ಬರೆದಿದ್ದರು. ಆದರೂ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಕೊಲೆ ಶಿಕ್ಷೆಯನ್ನೇ ಎತ್ತಿಹಿಡಿದರು. ಆ ಗಾಯವನ್ನೇ ಮಾಡಬೇಕೆಂದು ಮಾಡಿದನೋ, ಆಕಸ್ಮಿಕವಾಗಿ ಆಯಿತೋ? ಆರೋಪಿಯ ಉದ್ದೇಶದ ಬಗ್ಗೆ ಕೇಳಬೇಕಾದ್ದು ಅಷ್ಟೇ. ಸಹಜವಾಗಿ ಸಾವು ತರುವಷ್ಟು ದೊಡ್ಡ ಗಾಯವೇ ಎಂಬುದನ್ನು ವೈದ್ಯರ ಸಾಕ್ಷ್ಯ ನೋಡಿ ತೀರ್ಮಾನಿಸಬೇಕು, ಅದಕ್ಕೆ ಅವನ ಮನಸ್ಸನ್ನು ಕೆದಕಬೇಕಿಲ್ಲ.

2006ರ ಪುಲಿಚೆರ್ಲ ನಾಗರಾಜು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು: ಆಯುಧ ಮನೆಯಿಂದ ತಂದದ್ದೋ, ಸ್ಥಳದಲ್ಲೇ ಕೈಗೆ ಸಿಕ್ಕದ್ದೋ? ಏಟು ದೇಹದ ಯಾವ ಭಾಗಕ್ಕೆ, ಎಷ್ಟು ಬಲವಾಗಿ ಬಿತ್ತು? ಹಳೇ ದ್ವೇಷವೋ, ದಿಢೀರನೆ ಹತ್ತಿದ ಜಗಳವೋ?

ಇವಕ್ಕೆಲ್ಲ ಉತ್ತರ ಸಿಗುವುದು ಮೊದಲ ಒಂದೆರಡು ದಿನಗಳಲ್ಲಿ. ಹೊಲದ ಬದುವಿನ ಜಗಳದಲ್ಲಿ ಗುದ್ದಲಿಯಿಂದ ಹೊಡೆದ ಅಂದುಕೊಳ್ಳಿ. ಆ ಗುದ್ದಲಿ ಅಲ್ಲೇ ಕೆಲಸಕ್ಕೆ ಬಿದ್ದಿತ್ತೋ, ಅವನು ಮನೆಗೆ ಹೋಗಿ ತಂದನೋ? ಇದೊಂದರ ಮೇಲೆ ಇಡೀ ಕೇಸು ತಿರುಗಬಹುದು. ಮಹಜರಿನಲ್ಲಿ ಗುದ್ದಲಿಯ ಉದ್ದ, ಹಿಡಿಯ ಬಣ್ಣ ಬರೆದು, ಅದು ಎಲ್ಲಿಂದ ಬಂತೆಂದು ಯಾವ ಸಾಕ್ಷಿಯನ್ನೂ ಕೇಳದೆ ಬಿಟ್ಟರೆ? ಸಾಕ್ಷಿಗಳ ಹೇಳಿಕೆಗಳೆಲ್ಲ ಒಂದೇ ಅಚ್ಚಿನಲ್ಲಿ ಬರೆದಂತಿದ್ದರೆ? ಗಾಯದ ಆಳ, ಬಳಸಿದ ಬಲದ ಬಗ್ಗೆ ವೈದ್ಯರನ್ನು ಸರ್ಕಾರಿ ವಕೀಲರು ಕೇಳದೇ ಹೋದರೆ?

ವರ್ಷಗಳ ಮೇಲೆ ಮೇಲ್ಮನವಿ ಬಂದಾಗ ಹೈಕೋರ್ಟಿನ ಪೀಠದ ಮುಂದಿರುವುದು ಆ ಕಾಗದಗಳು ಮಾತ್ರ. ಹೊಸ ಸಾಕ್ಷ್ಯ ಪಡೆಯಲು ಅವಕಾಶವಿದ್ದರೂ ಅದು ತೀರಾ ಅಪರೂಪ. ದಾಖಲೆಯಲ್ಲಿ ಇಲ್ಲದ ಉದ್ದೇಶವನ್ನು ಊಹಿಸಿ ಒಬ್ಬನನ್ನು ಜೀವಮಾನವಿಡೀ ಜೈಲಿನಲ್ಲಿಡಬಾರದು, ನಿಜವಾದ ಕೊಲೆಗಾರ ಆ ಖಾಲಿ ಜಾಗದಿಂದ ನುಸುಳಿಕೊಂಡು ಹೋಗಲೂಬಾರದು.

2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದು 302ರ ಜಾಗಕ್ಕೆ 103, 304ರ ಜಾಗಕ್ಕೆ 105 ಬಂದಿದೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಅವೇ. ಕೊಲೆ ಕೇಸಿನ ಆರೋಪಪಟ್ಟಿ ಕೋರ್ಟಿಗೆ ಹೋಗುವ ಮೊದಲೇ, ಇವಕ್ಕೆ ಉತ್ತರ ದಾಖಲಾಗಿದೆಯೇ ಎಂದು ಅನುಭವಿ ಸರ್ಕಾರಿ ವಕೀಲರೊಬ್ಬರು ಕಡ್ಡಾಯವಾಗಿ ಕೂತು ನೋಡಲಿ.